3,000 ಫೋಟೊ, ಒಂದು ಸಂಜೆ

ಯಾವ ಕಾಲೇಜಿನ ಕನ್ನಡ ಸಂಘದ ಡ್ರೈವ್ ತೆರೆದರೂ ಕಾಣೋದು ಒಂದೇ. ‘ಫೈನಲ್’, ‘ಫೈನಲ್ 2’, ‘ಕ್ಯಾಮೆರಾ ಬಿ’, ‘ಮೊಬೈಲ್ ಎಲ್ಲಾ’ ಅಂತ ಫೋಲ್ಡರುಗಳು. ಒಳಗೆ ಎರಡು-ಮೂರು ಸಾವಿರ ಫೋಟೊ, ಎಲ್ಲದರ ಹೆಸರೂ ‘ಐಎಂಜಿ’ ಮುಂದೆ ಒಂದು ನಂಬರು. ಈ ವರ್ಷ ಇದರಿಂದ ತೊಂದರೆ ಏನಿಲ್ಲ. ಯಾರು ಯಾರು, ಎಲ್ಲಿ ತೆಗೆದದ್ದು, ಎಲ್ಲ ತಲೆಯಲ್ಲಿದೆ. ಎರಡು ವರ್ಷ ಬಿಟ್ಟು ನೋಡಿ: ಫೈನಲ್ ಇಯರ್‌ನವರು ಹೊರಟುಹೋಗಿರ್ತಾರೆ, ಆ ತಲೆಗಳೂ ಅವರ ಜೊತೆಗೇ ಹೋಗಿರ್ತವೆ.

ಪ್ರತಿ ಫೋಟೊಗೂ ನಾಲ್ಕು ಪದ ಅಂಟಿಸಿಟ್ಟರೆ, ಅಂದ್ರೆ ಟ್ಯಾಗ್ ಮಾಡಿಟ್ಟರೆ, ಈ ಕಷ್ಟ ಇರಲ್ಲ ಅಂತ ಎಲ್ಲರಿಗೂ ಗೊತ್ತು. ಆದರೂ ಯಾರೂ ಮಾಡಲ್ಲ. ಕಾರಣ ಸೋಮಾರಿತನ ಅಲ್ಲ, ಲೆಕ್ಕ. ಒಂದೊಂದೇ ಫೋಟೊ ತೆರೆದು, ನೋಡಿ, ಟೈಪ್ ಮಾಡಿ, ಮುಂದಿನದಕ್ಕೆ ಹೋಗೋಕೆ 20 ಸೆಕೆಂಡ್ ಅಂತಿಟ್ಟುಕೊಳ್ಳಿ. 3,000 ಫೋಟೊಗೆ 60,000 ಸೆಕೆಂಡ್, ಅಂದ್ರೆ 16 ಗಂಟೆ 40 ನಿಮಿಷ. ಇಂಟರ್ನಲ್ಸ್ ಮಧ್ಯೆ ಯಾರು ಕೂರ್ತಾರೆ? ಬೆರಳಿನ ವೇಗ ಹೆಚ್ಚಿಸಿದರೆ ಇದು ಹನ್ನೆರಡು ಗಂಟೆಗೆ ಇಳಿಯಬಹುದು, ಅಷ್ಟೇ. ಫೋಟೊವನ್ನು ನೋಡುವ ಮೊದಲೇ ಅದರ ಬಗ್ಗೆ ಗೊತ್ತಿರುವುದನ್ನೆಲ್ಲ ಒಟ್ಟಿಗೆ ಅಂಟಿಸಿಬಿಟ್ಟರೆ ಮಾತ್ರ ಕೆಲಸ ಒಂದು ಸಂಜೆಗೆ ಮುಗಿಯುತ್ತೆ.

ಒಂದು ಉದಾಹರಣೆ ಹಿಡಿದುಕೊಳ್ಳೋಣ. ಬೋರ್ಡಿನಲ್ಲಿ ಶೇಕಡಾ 60ರಷ್ಟು ಕನ್ನಡ ಇರಬೇಕು ಅನ್ನೋ ತಿದ್ದುಪಡಿ 2024ರಲ್ಲಿ ಬಂತಲ್ಲ, ಆಮೇಲೆ ಅಂಗಡಿ ಬೋರ್ಡುಗಳು ಬದಲಾಗ್ತಾ ಇವೆ. ಸಂತೋಷವೇ. ಆದರೆ ಕೈಯಲ್ಲಿ ಬರೆದ ಹಳೆಯ ಬೋರ್ಡುಗಳೂ ಹೋಗ್ತಿವೆ, ಹೊಸ ಫ್ಲೆಕ್ಸ್ ಬರ್ತಿದೆ. ಅವನ್ನು ದಾಖಲಿಸೋಕೆ ಆರು ಜನ ಒಂದು ಭಾನುವಾರ ಹೊರಟಿದ್ದೀರಿ ಅಂದುಕೊಳ್ಳಿ. ರಾಜಾಜಿನಗರದಲ್ಲಿ ಶುರು, ಡಾ. ರಾಜ್‌ಕುಮಾರ್ ರಸ್ತೆ, ನವರಂಗ್ ಸುತ್ತಮುತ್ತ. ಅಲ್ಲಿಂದ ಬಸ್ಸಲ್ಲಿ ಬಸವೇಶ್ವರನಗರ. ಮತ್ತೆ ಬಸ್ಸು, ವಿಜಯನಗರ. ಅಲ್ಲಿಂದ ನೇರಳೆ ಮಾರ್ಗದ ಮೆಟ್ರೊ ಹಿಡಿದು ಕೆಂಗೇರಿ. ಸಂಜೆಗೆ 3,000 ಫೋಟೊ.

ಈಗ ಗಮನಿಸಿ: ಬಸ್ಸಲ್ಲಿ ನಿಂತಿದ್ದಾಗ, ಮೆಟ್ರೊದಲ್ಲಿ ಕೂತಿದ್ದಾಗ ಯಾರೂ ಬೋರ್ಡಿನ ಫೋಟೊ ತೆಗೆದಿರಲ್ಲ. ಪ್ರತಿ ಫೋಟೊದೊಳಗೂ ಕ್ಯಾಮೆರಾ ತಾನೇ ಬರೆದ ಸಮಯ ಇರುತ್ತೆ, ಅದನ್ನೇ ಎಕ್ಸಿಫ್ ಅಂತೀವಿ. ಎಲ್ಲವನ್ನೂ ಸಮಯದ ಪ್ರಕಾರ ಜೋಡಿಸಿದರೆ ಮೂರು ದೊಡ್ಡ ಖಾಲಿ ಜಾಗ ಎದ್ದು ಕಾಣ್ತವೆ. ಅವೇ ನಿಮ್ಮ ಪ್ರಯಾಣಗಳು. ಆ ಖಾಲಿಗಳ ನಡುವೆ ಇರೋ ನಾಲ್ಕು ಗುಂಪು ನಾಲ್ಕು ಬಡಾವಣೆ. ಒಂದೂ ಫೋಟೊ ತೆರೆಯದೆ ಸ್ಥಳದ ಟ್ಯಾಗ್ ಮುಗೀತು: ಗುಂಪಿನ ಮೊದಲನೆಯದನ್ನು ಕ್ಲಿಕ್ ಮಾಡಿ, ಶಿಫ್ಟ್ ಒತ್ತಿ ಕೊನೆಯದನ್ನು ಕ್ಲಿಕ್ ಮಾಡಿ, ಪದ ಹಾಕಿ. ನಾಲ್ಕು ಸಲ, ಐದು ನಿಮಿಷ.

ಅದೇ ತಂತ್ರ ಇನ್ನೂ ಒಳಗೆ ಹೋಗುತ್ತೆ. ಒಂದು ಬೋರ್ಡಿನ ಮುಂದೆ ನಿಂತವರು ಐದಾರು ಸಲ ಕ್ಲಿಕ್ಕಿಸ್ತಾರೆ, ಪಕ್ಕದವರೂ ಅದನ್ನೇ ತೆಗೀತಾರೆ, ಆಮೇಲೆ ಎಲ್ಲರೂ ಮುಂದೆ ನಡೀತಾರೆ. ಹಿಂದಿನ ಫೋಟೊಗೂ ಇದಕ್ಕೂ 30 ಸೆಕೆಂಡಿಗಿಂತ ಹೆಚ್ಚು ಅಂತರ ಇದ್ದರೆ ಹೊಸ ಗುಂಪು ಅಂತ ನಿಯಮ ಇಟ್ಟುಕೊಂಡು 3,000 ಫೋಟೊ 250 ಗುಂಪಾಯ್ತು ಅನ್ನಿ. ಗುಂಪಿಗೆ 20 ಸೆಕೆಂಡಿನ ಹಾಗೆ 5,000 ಸೆಕೆಂಡ್, ಒಂದು ಗಂಟೆ 23 ನಿಮಿಷ. ಹದಿನಾರು ಗಂಟೆ ಎಲ್ಲಿ, ಇದೆಲ್ಲಿ! ಅಲುಗಾಡಿದ, ಕಣ್ಣು ಮುಚ್ಚಿದ ಫೋಟೊಗಳನ್ನು ಇದಕ್ಕೂ ಮೊದಲೇ ಅಳಿಸಿಬಿಡಿ. ಎಸೆಯೋ ಫೋಟೊಗೆ ಟ್ಯಾಗ್ ಹಾಕೋದು ದಂಡ.

ಇದೆಲ್ಲ ನಡೆಯಬೇಕಾದರೆ ಆರೂ ಕ್ಯಾಮೆರಾಗಳ ಗಡಿಯಾರ ಒಂದೇ ಹೇಳಬೇಕು. ಮೊಬೈಲುಗಳು ನೆಟ್‌ವರ್ಕ್‌ನಿಂದ ಸಮಯ ತಗೋತವೆ, ಚಿಂತೆಯಿಲ್ಲ. ಡಿಎಸ್‌ಎಲ್‌ಆರ್ ಗಡಿಯಾರ ಮಾತ್ರ ಯಾರೋ ಯಾವತ್ತೋ ಇಟ್ಟದ್ದು. ಹೊರಡುವ ಮೊದಲು ಒಂದು ಮೊಬೈಲಿನಲ್ಲಿ ಸೆಕೆಂಡ್ ತೋರಿಸುವ ಗಡಿಯಾರ ತೆರೆದು ಎಲ್ಲರೂ ಅದರದ್ದೇ ಒಂದು ಫೋಟೊ ತೆಗೆಯಿರಿ. ಫೋಟೊದಲ್ಲಿ ಕಾಣೋ ಸಮಯಕ್ಕೂ ಒಳಗೆ ಬರೆದ ಸಮಯಕ್ಕೂ ಎಷ್ಟು ವ್ಯತ್ಯಾಸ ಇದೆಯೋ ಅಷ್ಟನ್ನು ಆ ಕ್ಯಾಮೆರಾದ ಇಡೀ ಫೋಲ್ಡರಿಗೆ ಕೂಡಿದರೆ ಅಥವಾ ಕಳೆದರೆ ಆಯ್ತು. ಎಕ್ಸಿಫ್‌ಟೂಲ್ ಒಂದೇ ಆಜ್ಞೆಯಲ್ಲಿ ಇದನ್ನು ಮಾಡುತ್ತೆ.

ಪದಗಳನ್ನು ಎಲ್ಲಿ ಬರೆಯಬೇಕು ಅನ್ನೋದು ಮುಂದಿನ ಪ್ರಶ್ನೆ. ಆಪ್ ಒಳಗೆ ಬರೆದಿಟ್ಟರೆ ಆಪ್ ಬದಲಾಯಿಸಿದ ದಿನ ಎಲ್ಲ ಹೋಯ್ತು. ಫೈಲಿನೊಳಗೇ ಬರೆಯಬೇಕು. ಈ ಪದ್ಧತಿ ಬಂದದ್ದು ಸುದ್ದಿಮನೆಗಳಿಂದ. ಸುದ್ದಿಸಂಸ್ಥೆಗಳ ಅಂತರರಾಷ್ಟ್ರೀಯ ಮಂಡಳಿಯಾದ ಐಪಿಟಿಸಿ 1990ರ ದಶಕದಲ್ಲಿ ರೂಪಿಸಿದ ಮಾದರಿ ಒಂದು, ಅಡೋಬಿ 2001ರಲ್ಲಿ ತಂದ ಎಕ್ಸ್‌ಎಂಪಿ ಇನ್ನೊಂದು. ಡಿಜಿಕ್ಯಾಮ್ ಉಚಿತ, ಓಪನ್ ಸೋರ್ಸ್, ಎರಡನ್ನೂ ಬರೆಯುತ್ತೆ. ಫೈಲಿಗೆ ಬರೆಯುವ ಸೆಟ್ಟಿಂಗ್ ಆನ್ ಇದೆಯಾ ಅಂತ ಮಾತ್ರ ನೋಡಿಕೊಳ್ಳಿ. ಲೈಟ್‌ರೂಮ್ ಕ್ಲಾಸಿಕ್ ಬಳಸೋರು ಕಂಟ್ರೋಲ್ ಎಸ್ ಒತ್ತೋ ತನಕ ಅಥವಾ ಎಕ್ಸ್‌ಎಂಪಿಗೆ ತಾನಾಗಿ ಬರೆಯುವ ಆಯ್ಕೆ ಹಾಕೋ ತನಕ ಪದಗಳು ಅದರ ಕ್ಯಾಟಲಾಗ್‌ನಲ್ಲೇ ಕೂತಿರ್ತವೆ.

ಕನ್ನಡದಲ್ಲಿ ಟ್ಯಾಗ್ ಮಾಡೋರಿಗೆ ಎಕ್ಸ್‌ಎಂಪಿಯೇ ಸರಿ. ಹಳೆಯ ಐಪಿಟಿಸಿ ಮಾದರಿಯಲ್ಲಿ ಒಂದು ಕೀವರ್ಡಿಗೆ 64 ಬೈಟ್ ಮಿತಿ ಇದೆ. ಇಂಗ್ಲಿಷಿನವರಿಗೆ ಅದು 64 ಅಕ್ಷರ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್, ಗುಣಿತದ ಚಿಹ್ನೆಗೂ ಬೇರೆ 3. ‘ಬಸವೇಶ್ವರನಗರ’ ಒಂದೇ 33 ಬೈಟ್ ನುಂಗುತ್ತೆ. ‘ಬಸವೇಶ್ವರನಗರ ಕನ್ನಡ ರಾಜ್ಯೋತ್ಸವ’ 80 ಆಗುತ್ತೆ, ಬಾಲ ಕತ್ತರಿಸಿಹೋಗುತ್ತೆ. ಜೊತೆಗೆ ಇದು ಯುಟಿಎಫ್-8 ಅಂತ ಫೈಲಿನಲ್ಲಿ ಪ್ರತ್ಯೇಕವಾಗಿ ಗುರುತು ಹಾಕದಿದ್ದರೆ ಕೆಲವು ತಂತ್ರಾಂಶಗಳು ಅದನ್ನು ಲ್ಯಾಟಿನ್ ಅಕ್ಷರ ಅಂದುಕೊಂಡು ಕಸ ತೋರಿಸ್ತವೆ. ಎಕ್ಸ್‌ಎಂಪಿಯಲ್ಲಿ ಈ ಎರಡೂ ರಗಳೆ ಇಲ್ಲ. ನುಡಿಯ ಹಳೆಯ ಆಸ್ಕಿ ಫಾಂಟ್‌ನಲ್ಲಿ ಟೈಪಿಸಿದ ಪದವನ್ನು ಅಂಟಿಸಿದರೆ ಮಾತ್ರ ಎಲ್ಲೂ ಉಳಿಗಾಲವಿಲ್ಲ, ಯೂನಿಕೋಡ್ ಬೇಕೇ ಬೇಕು.

ಯೂನಿಕೋಡ್‌ನಲ್ಲೂ ಒಂದು ಗುಂಡಿ ಇದೆ, ನನಗಂತೂ ಇಡೀ ವಿಷಯದಲ್ಲಿ ತುಂಬಾ ಸ್ವಾರಸ್ಯ ಅನ್ನಿಸಿದ್ದು ಇದೇ. ‘ಕೆಂಗೇರಿ’ಯನ್ನು ಎರಡು ರೀತಿ ಬರೆಯಬಹುದು, ಪರದೆ ಮೇಲೆ ಎರಡೂ ಒಂದೇ. ‘ಗೇ’ಯಲ್ಲಿರೋ ಏತ್ವದ ದೀರ್ಘವನ್ನು ಒಂದೇ ಸಂಕೇತವಾಗಿ ಇಟ್ಟರೆ ಪದದಲ್ಲಿ 7 ಸಂಕೇತ. ಹ್ರಸ್ವ ಎತ್ವ, ಅದರ ಪಕ್ಕ ದೀರ್ಘದ ಚಿಹ್ನೆ ಅಂತ ಬಿಡಿಸಿ ಇಟ್ಟರೆ 8. ಮನುಷ್ಯರಿಗೆ ವ್ಯತ್ಯಾಸ ಗೊತ್ತಾಗಲ್ಲ, ಬೈಟು ಹೋಲಿಸೋ ಪ್ರೋಗ್ರಾಮಿಗೆ ಇವು ಎರಡು ಬೇರೆ ಊರು. ಹಳೆಯ ಮ್ಯಾಕ್‌ಗಳ ಫೈಲ್ ವ್ಯವಸ್ಥೆ ಫೋಲ್ಡರ್ ಹೆಸರುಗಳನ್ನು ಬಿಡಿಸಿದ ರೂಪದಲ್ಲೇ ಇಡುತ್ತಿತ್ತು. ಅಂಥ ಫೋಲ್ಡರಿನ ಹೆಸರನ್ನೇ ಟ್ಯಾಗ್ ಮಾಡಿದರೆ ಹುಡುಕಾಟದಲ್ಲಿ ಅರ್ಧ ಕೆಂಗೇರಿ ಕಾಣೆ. ಪೈಥಾನ್‌ನಲ್ಲಿ ಯೂನಿಕೋಡ್‌ಡೇಟಾ ಮಾಡ್ಯೂಲ್ ಕರೆದು ಎಲ್ಲ ಪದವನ್ನೂ ಎನ್‌ಎಫ್‌ಸಿ ರೂಪಕ್ಕೆ ತಂದರೆ ಒಂದು ಸಾಲಿನಲ್ಲಿ ಪರಿಹಾರ.

ಆ ಒಂದು ಸಾಲಿಗೆ ಬಗ್ಗದ್ದೂ ಇದೆ. ರಾಜ್‌ಕುಮಾರ್, ರಾಜಕುಮಾರ್, ರಾಜ್ ಕುಮಾರ್. ವಿಜಯನಗರ, ವಿಜಯ ನಗರ. ಮೆಟ್ರೊ, ಮೆಟ್ರೋ. ಆರು ಜನಕ್ಕೆ ಬಿಟ್ಟರೆ ಎಂಟು ಕಾಗುಣಿತ ಬರುತ್ತೆ. ಆದ್ದರಿಂದ ಪದಪಟ್ಟಿ ಮೊದಲೇ ಸಿದ್ಧ ಇರಬೇಕು, ಯಾರೂ ಟೈಪ್ ಮಾಡಬಾರದು, ಪಟ್ಟಿಯಿಂದ ಆರಿಸಬೇಕು. ಡಿಜಿಕ್ಯಾಮ್‌ನಲ್ಲಿ ಟ್ಯಾಗ್‌ಗಳನ್ನು ಮರದ ಹಾಗೆ ಕಟ್ಟಬಹುದು: ಸ್ಥಳ, ಅದರ ಕೆಳಗೆ ಪಶ್ಚಿಮ ಬೆಂಗಳೂರು, ಅದರ ಕೆಳಗೆ ರಾಜಾಜಿನಗರ. ಪದೇ ಪದೇ ಬರೋ ಟ್ಯಾಗಿಗೆ ಕೀಲಿಯನ್ನೂ ಕೊಡಬಹುದು. ಪಟ್ಟಿ 40 ಪದದ ಒಳಗಿರಲಿ. ‘ಸುಂದರ’, ‘ಸಂಭ್ರಮ’ ಥರದ ಪದ ಬೇಡ, ಅವನ್ನು ಯಾರೂ ಹುಡುಕಲ್ಲ.

ಕೋಡ್ ಬರೆಯೋ ಚಟ ಇರೋರಿಗೆ ಎರಡು ಮಾತು. ಪೈಥಾನ್ ಲೂಪ್ ಹಾಕಿ ಪ್ರತಿ ಫೋಟೊಗೂ ಒಂದೊಂದು ಸಲ ಎಕ್ಸಿಫ್‌ಟೂಲ್ ಕರೆಯಬೇಡಿ. ಅದು ಪರ್ಲ್‌ನಲ್ಲಿ ಬರೆದದ್ದು, ಪ್ರತಿ ಸಲ ಎದ್ದು ನಿಲ್ಲೋಕೆ ತಗೊಳ್ಳೋ ಸಮಯವೇ ಬರೆಯೋ ಸಮಯಕ್ಕಿಂತ ಹೆಚ್ಚಾಗಬಹುದು. ಫೈಲ್ ಹೆಸರು ಒಂದು ಕಾಲಂ, ಪದಗಳು ಇನ್ನೊಂದು ಕಾಲಂ ಅಂತ ಸಿಎಸ್‌ವಿ ಮಾಡಿ ಇಡೀ ಫೋಲ್ಡರಿಗೆ ಒಂದೇ ಸಲ ಕೊಡಿ. ಎರಡನೆಯದು, ‘ಪದ ಸೇರಿಸು’ ಅನ್ನೋ ಆಜ್ಞೆಯನ್ನು ಎರಡು ಸಲ ಓಡಿಸಿದರೆ ಪದವೂ ಎರಡು ಸಲ ಸೇರುತ್ತೆ. ಒಂದೇ ಆಜ್ಞೆಯಲ್ಲಿ ಮೊದಲು ಆ ಪದ ತೆಗಿ, ಆಮೇಲೆ ಸೇರಿಸು ಅಂತ ಬರೆದರೆ ಎಷ್ಟು ಸಲ ಓಡಿಸಿದರೂ ಒಂದೇ ಇರುತ್ತೆ. ಅದು ಪ್ರತಿ ಫೈಲಿನ ಮೂಲಪ್ರತಿಯನ್ನೂ ಪಕ್ಕದಲ್ಲೇ ಉಳಿಸುತ್ತೆ, ಡಿಸ್ಕ್‌ನಲ್ಲಿ ಜಾಗ ನೋಡಿಕೊಂಡು ಶುರು ಮಾಡಿ.

ಎಐ ಮಾಡಲ್ವಾ ಅಂತ ಕೇಳ್ತೀರಿ. ಅರ್ಧ ಮಾಡುತ್ತೆ. ‘ಜನ’, ‘ರಸ್ತೆ’, ‘ಬಸ್ಸು’ ಅಂತ ಗುರುತಿಸೋಕೆ ಡಿಜಿಕ್ಯಾಮ್‌ನ ಹೊಸ ಆವೃತ್ತಿಗಳಲ್ಲೇ ಸೌಲಭ್ಯ ಇದೆ, ಆದರೆ ಬೋರ್ಡಿನ ಸಂಗ್ರಹದಲ್ಲಿ ‘ಬೋರ್ಡು’ ಅಂತ 3,000 ಸಲ ಹೇಳಿಸಿಕೊಂಡು ಏನು ಮಾಡ್ತೀರಿ? ಟೆಸರಾಕ್ಟ್ ಕನ್ನಡ ಓದುತ್ತೆ, ಅಚ್ಚಾದ ಪುಟಕ್ಕೆ ಅದು ಚೆನ್ನ. ಓರೆಯಾಗಿ ತೆಗೆದ, ನೆರಳು ಬಿದ್ದ, ಪೇಂಟರ್ ತನ್ನ ಖುಷಿಗೆ ಒತ್ತಕ್ಷರ ಸುತ್ತಿದ ಬೋರ್ಡಿನ ಮುಂದೆ ತೊದಲುತ್ತೆ. ಅಂಗಡಿ ಹೆಸರು ಕೈಯಲ್ಲೇ ಹಾಕಿ, 250 ಗುಂಪು ತಾನೇ.

ಸಮಯವೇ ಇಲ್ಲದ ಫೋಟೊಗಳೂ ಬರ್ತವೆ: ವಾಟ್ಸಾಪ್‌ನಲ್ಲಿ ಬಂದವು, ಮನೆಯಲ್ಲಿದ್ದ ಹಳೆಯ ಪ್ರಿಂಟನ್ನು ಸ್ಕ್ಯಾನ್ ಮಾಡಿದವು. ಇವಕ್ಕೆ ದಿನಾಂಕ ಊಹಿಸಬೇಕಾದಾಗ ಪಶ್ಚಿಮ ಬೆಂಗಳೂರಿನವರಿಗೆ ಮೆಟ್ರೊ ಒಳ್ಳೆ ಸಾಕ್ಷಿ. ರೈಲು ಓಡೋಕೆ ಶುರುವಾದದ್ದು ರಾಜಾಜಿನಗರದಲ್ಲಿ 2014ರ ಮಾರ್ಚ್‌ನಲ್ಲಿ, ವಿಜಯನಗರದಲ್ಲಿ 2015ರ ನವೆಂಬರ್‌ನಲ್ಲಿ, ಕೆಂಗೇರಿಯಲ್ಲಿ 2021ರ ಆಗಸ್ಟ್ ಕೊನೆಗೆ. ಹಿನ್ನೆಲೆಯಲ್ಲಿ ರೈಲು ಕಂಡರೆ ಫೋಟೊ ಸಾಮಾನ್ಯವಾಗಿ ಅದಕ್ಕಿಂತ ಹಿಂದಿನದಲ್ಲ. ಬರೀ ಕಂಬ ಕಂಡರೆ ಸ್ವಲ್ಪ ಹಿಂದಕ್ಕೂ ಹೋಗಬಹುದು. ಹೀಗೆ ಊಹಿಸಿದ್ದಕ್ಕೆ ‘ದಿನಾಂಕ ಅಂದಾಜು’ ಅಂತಲೇ ಒಂದು ಟ್ಯಾಗ್ ಇಡಿ, ಮುಂದೆ ಯಾರಾದರೂ ಅದನ್ನೇ ಖಚಿತ ಅಂದುಕೊಳ್ಳಬಾರದು.

ಕೊನೆಗೆ ಉಳಿಯೋದು ಮುಖಗಳು. ಒಂದೇ ಮುಖದ ಫೋಟೊಗಳನ್ನು ಡಿಜಿಕ್ಯಾಮ್ ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಗುಂಪು ಮಾಡಿಕೊಡುತ್ತೆ, ಹೆಸರು ಹೇಳೋಕೆ ಮಾತ್ರ ಗೊತ್ತಿರೋರು ಬೇಕು. ಏಪ್ರಿಲ್ ಒಳಗೆ ಫೈನಲ್ ಇಯರ್‌ನ ಇಬ್ಬರನ್ನು ಒಂದು ಗಂಟೆ ಕೂರಿಸಿಕೊಳ್ಳಿ, ಟೀ ಸಂಘದ ಖರ್ಚಲ್ಲಿ. ಹೆಸರು ಹಾಕೋಕೆ ಮೊದಲು ಆಯಾ ಜನರನ್ನು ಒಂದು ಮಾತು ಕೇಳಿ. ಹೊರಗೆ ಪ್ರಕಟಿಸೋ ಪ್ರತಿಯಿಂದ ಜಿಪಿಎಸ್ ಮತ್ತು ಹೆಸರುಗಳನ್ನು ತೆಗೆದು, ಮೂಲ ಪ್ರತಿ ಸಂಘದ ಹಾರ್ಡ್ ಡಿಸ್ಕ್‌ನಲ್ಲಿ ಹಾಗೇ ಇರಲಿ. ಮೂಲವನ್ನು ಯಾರಿಗಾದರೂ ವಾಟ್ಸಾಪ್‌ನಲ್ಲಿ ಕಳಿಸಬೇಕಾದರೆ ಫೋಟೊ ಅಂತ ಕಳಿಸಬೇಡಿ, ಸಂಜೆಯೆಲ್ಲ ಕೂತು ಹಾಕಿದ ಪದಗಳು ದಾರಿಯಲ್ಲೇ ಉದುರಿಹೋಗ್ತವೆ. ಡಾಕ್ಯುಮೆಂಟ್ ಅಂತ ಕಳಿಸಿ.