ಬ್ರೇಕ್ ನಿಲ್ಲಿಸುವುದು ಚಕ್ರವನ್ನು, ಕಾರನ್ನಲ್ಲ

ಕಳೆದ ವರ್ಷ ನವರಾತ್ರಿ ರಜೆಗೆ ಚಿಕ್ಕಪ್ಪನ ಮಗ ಬೆಂಗಳೂರಿನಿಂದ ತೀರ್ಥಹಳ್ಳಿಗೆ ಬಂದ. ನನ್ನ ಮಟ್ಟಿಗೆ ಅವನು ಬಂದದ್ದಕ್ಕಿಂತ ಅವನ ಕಾರು ಬಂದದ್ದು ದೊಡ್ಡ ಸುದ್ದಿ. 2015ರ ಮಾಡೆಲ್ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ, ಸೆಕೆಂಡ್ ಹ್ಯಾಂಡ್. 1.2 ಲೀಟರ್ ಟರ್ಬೊ ಎಂಜಿನ್, 105 ಪಿಎಸ್ ಶಕ್ತಿ, ಏಳು ಗೇರಿನ ಡಿಎಸ್‌ಜಿ ಆಟೊಮ್ಯಾಟಿಕ್. ಸಂಸಾರಕ್ಕೆಂದು ಮಾಡಿದ ಪುಟ್ಟ ಕಾರಿಗೆ ಗಟ್ಟಿ ಎಂಜಿನ್ ಕೂರಿಸಿದರೆ ಅದನ್ನು ಹಾಟ್ ಹ್ಯಾಚ್‌ಬ್ಯಾಕ್ ಅನ್ನುತ್ತಾರೆ. ಯುರೋಪಿನವರು ಇದನ್ನು 'ಹಾಟ್' ಅನ್ನಲಿಕ್ಕಿಲ್ಲ, ಬೆಚ್ಚಗಿದೆ ಅಂದಾರು. ನಮ್ಮ ಊರಿಗೆ ಇದೇ ಬೆಂಕಿ.

ಅಣ್ಣನ ತಲೆಯಲ್ಲಿ ಇದ್ದದ್ದು ಒಂದೇ: ರೀಮ್ಯಾಪ್. ಎಂಜಿನ್ನಿನ ಕಂಪ್ಯೂಟರ್‌ಗೆ ಹೊಸ ಪ್ರೋಗ್ರಾಂ ತುಂಬಿಸಿದರೆ ಇನ್ನೂ ಮೂವತ್ತು ಪಿಎಸ್ ಸಿಗುತ್ತದಂತೆ. ಅದಕ್ಕೆಂದೇ 40 ಸಾವಿರ ರೂಪಾಯಿ ಎತ್ತಿಟ್ಟಿದ್ದ. ಮೆಕ್ಯಾನಿಕಲ್ ಓದುವ ತಮ್ಮನಾಗಿ ನಾನೂ 'ಮಾಡಿಸು' ಎಂದೇ ಹೇಳಿದ್ದೆ.

ಮೂರನೇ ದಿನ ಅಮ್ಮನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಉಡುಪಿಗೆ ಹೊರಟೆವು. ಆಗುಂಬೆ ದಾಟಿ ಘಾಟಿ ಇಳಿಯತೊಡಗಿದಾಗ ಗೇರು 'ಡಿ'ಯಲ್ಲೇ ಇತ್ತು. ಹದಿನಾಲ್ಕು ಹೇರ್‌ಪಿನ್ ತಿರುವು. ಅಣ್ಣ ಪ್ರತಿ ತಿರುವಿನವರೆಗೂ ಬ್ರೇಕಿನ ಮೇಲೆ ಕಾಲಿಟ್ಟೇ ಇಳಿಸುತ್ತಿದ್ದ. ಏಳನೇ ತಿರುವಿನಲ್ಲಿ ಸುಟ್ಟ ವಾಸನೆ ಬಂತು. ಮುಂದೆ ಹೋಗುತ್ತಿದ್ದ ಬಸ್ಸಿನದ್ದು ಅಂದುಕೊಂಡೆವು. ಒಂಬತ್ತನೆಯದರ ಹತ್ತಿರ ಅಣ್ಣ 'ಏಯ್, ಪೆಡಲ್ ಕೆಳಗೆ ಹೋಗ್ತಿದೆ' ಅಂದ, ಮೆಲ್ಲಗೆ, ಅಮ್ಮನಿಗೆ ಕೇಳಿಸದ ಹಾಗೆ. ಸ್ಪಂಜ್ ತುಳಿದಂತೆ ಪೆಡಲ್ ನೆಲ ಮುಟ್ಟಿತ್ತು. ಗೇರನ್ನು ಮ್ಯಾನ್ಯುವಲ್‌ಗೆ ಎಳೆದು ಎರಡಕ್ಕೆ ಇಳಿಸಿ, ಹ್ಯಾಂಡ್‌ಬ್ರೇಕನ್ನು ಸ್ವಲ್ಪಸ್ವಲ್ಪವೇ ಎತ್ತಿ, ತಡೆಗೋಡೆಯ ಪಕ್ಕದ ಅಗಲ ಜಾಗದಲ್ಲಿ ಹೇಗೋ ನಿಲ್ಲಿಸಿದ. ಹ್ಯಾಂಡ್‌ಬ್ರೇಕ್ ಕೇಬಲ್‌ನಿಂದ ಕೆಲಸ ಮಾಡುತ್ತದೆ, ದ್ರವದಿಂದಲ್ಲ. ಬಚಾವಾದದ್ದು ಅದರಿಂದ ಮತ್ತು ಎರಡನೇ ಗೇರಿನಿಂದ. ಅಮ್ಮ ಕಿಟಕಿ ಇಳಿಸಿ ಕಣಿವೆ ನೋಡುತ್ತಾ 'ಒಳ್ಳೆ ಜಾಗದಲ್ಲಿ ನಿಲ್ಸಿದೆ ಕಣೋ' ಅಂದರು.

ಮುಕ್ಕಾಲು ಗಂಟೆ ನಿಂತ ಮೇಲೆ ಪೆಡಲ್ ಗಟ್ಟಿಯಾಯಿತು. ಎರಡನೇ ಗೇರಿನಲ್ಲೇ ಸೋಮೇಶ್ವರ ತಲುಪಿದೆವು.

ಆ ರಾತ್ರಿ ನಾನು ಮಾಡಿದ ಲೆಕ್ಕ ಇದು. ಘಾಟಿಯಲ್ಲಿ ಕಾರು ಸುಮಾರು 500 ಮೀಟರ್ ಎತ್ತರದಿಂದ ಇಳಿಯುತ್ತದೆ. ಆ ಶಕ್ತಿಯೆಲ್ಲ ಎಲ್ಲಾದರೂ ಶಾಖವಾಗಿ ಹೋಗಬೇಕು. ಗಂಟೆಗೆ 100 ಕಿ.ಮೀ. ವೇಗದಲ್ಲಿ ಹೋಗುವ ಕಾರನ್ನು ಪೂರ್ತಿ ನಿಲ್ಲಿಸಿದರೆ ಎಷ್ಟು ಶಾಖ ಹುಟ್ಟುತ್ತದೋ, ಇಲ್ಲಿ ಅದರ ಹದಿಮೂರು ಪಟ್ಟು. ತೂಕ ಎಷ್ಟಿದ್ದರೂ ಸರಿ, ಎರಡೂ ಕಡೆಯ ಸಮೀಕರಣದಲ್ಲಿ ಅದು ಹೊಡೆದುಹೋಗುತ್ತದೆ. ಕೆಳಗಿನ ಗೇರಿನಲ್ಲಿದ್ದರೆ ಅದರ ಒಂದು ಪಾಲನ್ನು ಎಂಜಿನ್ ನುಂಗುತ್ತದೆ. 'ಡಿ'ಯಲ್ಲಿ ಬಿಟ್ಟರೆ ಪೆಟ್ರೋಲ್ ಉಳಿಸಲೆಂದು ಪೆಟ್ಟಿಗೆ ಮೇಲಿನ ಗೇರಿಗೆ ಹೋಗಿ ಕೂರುತ್ತದೆ. ನಾವು ಹೆಚ್ಚುಕಡಿಮೆ ಎಲ್ಲವನ್ನೂ ಬ್ರೇಕಿನ ತಲೆಗೇ ಕಟ್ಟಿದ್ದೆವು.

ಬ್ರೇಕ್ ಸೋಲುವುದರಲ್ಲೂ ಎರಡು ಬಗೆ. ಪೆಡಲ್ ಕಲ್ಲಿನಂತೆ ಗಟ್ಟಿಯಿದ್ದೂ ಕಾರು ನಿಲ್ಲದಿದ್ದರೆ ಪ್ಯಾಡ್ ಕಾದು ಘರ್ಷಣೆ ಕಳೆದುಕೊಂಡಿದೆ ಎಂದರ್ಥ. ಪೆಡಲ್ ಮೆತ್ತಗಾಗಿ ನೆಲಕ್ಕಿಳಿದರೆ ಬ್ರೇಕ್ ದ್ರವ ಕುದಿದಿದೆ. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಆವಿಯನ್ನು ಕುಗ್ಗಿಸಬಹುದು. ನೀವು ತುಳಿದದ್ದೆಲ್ಲ ಗುಳ್ಳೆ ಒತ್ತುವುದರಲ್ಲೇ ಮುಗಿಯುತ್ತದೆ. ಹೊಸ ಡಾಟ್ 4 ದ್ರವ ಕನಿಷ್ಠ 230 ಡಿಗ್ರಿಯವರೆಗೆ ಕುದಿಯುವಂತಿಲ್ಲ. ಆದರೆ ಅದು ಗಾಳಿಯ ತೇವವನ್ನು ಹೀರುತ್ತದೆ. ಶೇ 3.7ರಷ್ಟು ನೀರು ಸೇರಿದಾಗ ಆ ಕನಿಷ್ಠ ಮಟ್ಟ 155ಕ್ಕೆ ಇಳಿಯುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕಾದ ದ್ರವ ಅಣ್ಣನ ಕಾರಿನಲ್ಲಿ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಹಿಂದಿನ ಮಾಲೀಕರ ಸರ್ವಿಸ್ ಪುಸ್ತಕದಲ್ಲಿ ಅದರ ಪ್ರಸ್ತಾಪವೇ ಇರಲಿಲ್ಲ.

'ದೊಡ್ಡ ಡಿಸ್ಕ್ ಹಾಕಿಸೋಣ, ತೂತು ಇರೋದು' ಎಂದ ಅಣ್ಣ. ಅವನ ಚಪಲ ಎಂಜಿನ್‌ನಿಂದ ಬ್ರೇಕಿಗೆ ವರ್ಗವಾಗಿತ್ತು, ಅಷ್ಟೇ. ಮೊದಲು ಅಳೆಯೋಣ, ಆಮೇಲೆ ಖರ್ಚು ಮಾಡೋಣ ಎಂದು ನಾನು ಹಟ ಹಿಡಿದೆ.

ಅಡಿಕೆ ಲಾರಿಗಳು ಹೋಗುವ ವೇಬ್ರಿಡ್ಜ್‌ಗೆ ಪೋಲೊ ಕೊಂಡೊಯ್ದೆವು. ಅಲ್ಲಿಯವರು ನಕ್ಕರು. ಪೂರ್ತಿ ಕಾರು 1,110 ಕೆ.ಜಿ. ಮುಂದಿನ ಚಕ್ರ ಮಾತ್ರ ಏರಿಸಿದಾಗ 690, ಹಿಂದಿನದು 420. ಎಂಜಿನ್, ಗೇರ್‌ಬಾಕ್ಸ್ ಎರಡೂ ಮುಂದಿರುವ ಫ್ರಂಟ್ ವೀಲ್ ಡ್ರೈವ್ ಕಾರು ನಿಂತಲ್ಲೇ ಮೂಗಿನ ಮೇಲೆ ಬಿದ್ದಿರುತ್ತದೆ. ಜೋರಾಗಿ ಬ್ರೇಕ್ ಒತ್ತಿದಾಗ ಇನ್ನೂ ಸುಮಾರು 200 ಕೆ.ಜಿ. ಹಿಂದಿನಿಂದ ಮುಂದಕ್ಕೆ ಹೊರಳುತ್ತದೆ. ಗುರುತ್ವ ಕೇಂದ್ರ ನೆಲದಿಂದ 55 ಸೆಂ.ಮೀ. ಎಂದಿಟ್ಟುಕೊಂಡು ಮಾಡಿದ ಲೆಕ್ಕ ಇದು. ಅಲ್ಲಿಗೆ ಮುಂದೆ 890, ಹಿಂದೆ 220. ಹತ್ತರಲ್ಲಿ ಎಂಟು ಪಾಲು ಎರಡೇ ಟೈರಿನ ಮೇಲೆ. ಈ ಸೂತ್ರವನ್ನು ಇಂಟರ್ನಲ್ಸ್‌ನಲ್ಲಿ ಬರೆದು ಅಂಕ ತೆಗೆದುಕೊಂಡಿದ್ದೆ. ಅರ್ಥವಾದದ್ದು ವೇಬ್ರಿಡ್ಜ್ ಚೀಟಿ ಕೈಗೆ ಬಂದ ಮೇಲೆ.

ಟೈರಿನ ಹಿಡಿತ ನಮ್ಮ ಪಾಕೆಟ್ ಮನಿ ಇದ್ದ ಹಾಗೆ. ತಿಂಗಳಿಗೆ ಇಷ್ಟೇ ಅಂತ ಇರುತ್ತದೆ. ಈ ಕಾರಿನಲ್ಲಿ ಮುಂದಿನ ಎರಡು ಟೈರುಗಳೇ ಕಾರನ್ನು ಎಳೆಯಬೇಕು, ತಿರುಗಿಸಬೇಕು, ನಿಲ್ಲಿಸುವುದರಲ್ಲಿ ಬಹುಪಾಲನ್ನೂ ಹೊರಬೇಕು. ತಿರುವಿನ ಮಧ್ಯೆ ಆಕ್ಸಿಲರೇಟರ್ ಒತ್ತಿದರೆ ತಿರುಗಿಸಲು ಇಟ್ಟಿದ್ದ ಹಣ ಎಳೆಯಲು ಖರ್ಚಾಗುತ್ತದೆ, ಕಾರು ಸ್ಟೀರಿಂಗ್ ಮಾತು ಕೇಳದೆ ಹೊರಗಂಚಿಗೆ ಜಾರುತ್ತದೆ. ಇದಕ್ಕೇ ಅಂಡರ್‌ಸ್ಟಿಯರ್ ಎನ್ನುವುದು. ಆಗ ಇನ್ನಷ್ಟು ಸ್ಟೀರಿಂಗ್ ತಿರುಗಿಸುವುದು ಸಹಜ, ತಪ್ಪು ಕೂಡ. ಆಕ್ಸಿಲರೇಟರ್ ಮೆಲ್ಲಗೆ ಬಿಟ್ಟು ಟೈರಿಗೆ ಅದರ ಹಣ ವಾಪಸ್ ಕೊಡಬೇಕು. ಇಂಥ ಕಾರಿಗೆ ಇನ್ನೂ ಮೂವತ್ತು ಪಿಎಸ್ ಸೇರಿಸುವುದೆಂದರೆ ಅದೇ ಪಾಕೆಟ್ ಮನಿಯಲ್ಲಿ ಇನ್ನೊಂದು ಖರ್ಚು ತೆರೆದಂತೆ.

ಊರ ಹೊರಗೆ ಸೈಟು ಮಾರಾಟವಾಗದೆ ಖಾಲಿ ಬಿದ್ದಿರುವ ಲೇಔಟ್ ಒಂದಿದೆ. ಮಾಲೀಕರನ್ನು ಕೇಳಿ, ಬೆಳಿಗ್ಗೆ ಆರಕ್ಕೆ ಎರಡೂ ತುದಿಗೆ ಗೆಳೆಯರನ್ನು ನಿಲ್ಲಿಸಿ, ಸುಣ್ಣದ ಗೆರೆ ಎಳೆದೆವು. ಸ್ಪೀಡೋಮೀಟರ್ ನಂಬದೆ ಮೊಬೈಲ್‌ನ ಜಿಪಿಎಸ್‌ನಲ್ಲಿ 60 ಕಿ.ಮೀ. ನೋಡಿ ಗೆರೆಯ ಮೇಲೆ ಪೂರ್ತಿ ಬ್ರೇಕ್. ಐದು ಸಲದ ಸರಾಸರಿ 19 ಮೀಟರ್. ಐದನೇ ಸಲಕ್ಕೆ ವಾಸನೆ ಮತ್ತೆ ಶುರುವಾಗಿತ್ತು.

ಮೊದಲು ಬ್ರೇಕ್ ಕೆಲಸ. ಹಳೆ ದ್ರವ ಪೂರ್ತಿ ತೆಗೆದು ಹೊಸ ಡಾಟ್ 4 ತುಂಬಿಸಿದೆವು, ಮುಂದಿನ ಪ್ಯಾಡ್‌ಗಳನ್ನು ಕಂಪನಿಯದ್ದೇ ಹಾಕಿಸಿದೆವು, ಹಿಂದಿನ ಡ್ರಮ್ ಬಿಚ್ಚಿ ಧೂಳು ತೆಗೆದೆವು. ಹಳೆ ಪ್ಯಾಡ್ ಗಾಜಿನಂತೆ ಹೊಳೆಯುತ್ತಿತ್ತು. ಹೊಸ ಪ್ಯಾಡ್ ಹಾಕಿದ ಕೂಡಲೇ ಜೋರು ಬ್ರೇಕ್ ಹೊಡೆಯಬಾರದು, 60ರಿಂದ 20ಕ್ಕೆ ಹತ್ತು ಸಲ ಇಳಿಸಿ ಡಿಸ್ಕಿಗೆ ಹೊಂದಿಸಬೇಕು. ಅದನ್ನೂ ಮಾಡಿದೆವು. ಕೂಲಿ ಸೇರಿ 9 ಸಾವಿರ ಆಯಿತು. ಮತ್ತೆ ಲೇಔಟಿಗೆ ಹೋಗಿ ಅಳೆದರೆ 18.7 ಮೀಟರ್!

ಅಣ್ಣನ ಮುಖ ನೋಡಬೇಕಿತ್ತು. '9 ಸಾವಿರಕ್ಕೆ ಒಂದಡಿ ಬಂತಾ?'

ನನಗೂ ಪೆಚ್ಚಾಯಿತು. ಯೋಚಿಸಿದರೆ ಇದು ಹಾಗೇ ಆಗಬೇಕಿತ್ತು. ಹಳೆ ಬ್ರೇಕಿಗೂ ತಣ್ಣಗಿದ್ದಾಗ ಎಬಿಎಸ್ ಕೆಲಸ ಮಾಡುವಷ್ಟು, ಅಂದರೆ ಚಕ್ರವನ್ನೇ ಹಿಡಿದು ನಿಲ್ಲಿಸುವಷ್ಟು ಶಕ್ತಿ ಇತ್ತು. ಅಲ್ಲಿಂದಾಚೆ ಬ್ರೇಕ್ ಎಷ್ಟೇ ದೊಡ್ಡದಾದರೂ ಏನೂ ಬರುವುದಿಲ್ಲ. ಬ್ರೇಕ್ ನಿಲ್ಲಿಸುವುದು ಚಕ್ರವನ್ನು, ಕಾರನ್ನು ನಿಲ್ಲಿಸುವುದು ಟೈರು. 9 ಸಾವಿರದ ಫಲ ಕಂಡದ್ದು ಬೇರೆ ಕಡೆ: ಬಿಡದೆ ಹತ್ತು ಸಲ ನಿಲ್ಲಿಸಿದರೂ ಪೆಡಲ್ ಮೊದಲಿನಷ್ಟೇ ಗಟ್ಟಿ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ಒಂದು ಗುರುತಿರುತ್ತದೆ. ನಿಮ್ಮ ಬೈಕಿನ ಟೈರಲ್ಲೂ ಹುಡುಕಿ. ನಮ್ಮದರಲ್ಲಿ 1815 ಎಂದಿತ್ತು, ಎಂದರೆ 2015ರ ಹದಿನೆಂಟನೇ ವಾರ. ಕಾರು ಹುಟ್ಟಿದಾಗಿನ ಟೈರು! ಗೀರು ಇನ್ನೂ 4 ಮಿ.ಮೀ. ಆಳ ಇತ್ತು, ಕಾನೂನು ಕೇಳುವುದು 1.6. ಆದರೆ ಉಗುರು ಒತ್ತಿದರೆ ಪ್ಲಾಸ್ಟಿಕ್ ಒತ್ತಿದ ಹಾಗೆ. ರಬ್ಬರು ವಯಸ್ಸಾಗಿ ಸೆಟೆದಿತ್ತು. ಬ್ರೇಕ್ ಹಾಕಿದಾಗ ಕಾರು ಸ್ವಲ್ಪ ಎಡಕ್ಕೆ ಎಳೆಯುತ್ತಿದ್ದುದಕ್ಕೆ ಕಾರಣ ಲೋಯರ್ ಆರ್ಮಿನ ಸೀಳಿದ ಬುಶ್. ಮೊದಲು ಅದನ್ನು ಬದಲಿಸಿ, ಅದೇ ಅಳತೆಯ, ಅಂದರೆ 185/60 ಆರ್15ರ ನಾಲ್ಕು ಒಳ್ಳೆ ಟೈರು ಹಾಕಿಸಿ ಅಲೈನ್‌ಮೆಂಟ್ ಮಾಡಿಸಿದೆವು. ಎರಡೇ ಟೈರು ಕೊಳ್ಳುವಷ್ಟು ದುಡ್ಡಿದ್ದರೆ ಅಂಗಡಿಯವರು ಮುಂದೆ ಹಾಕಿ ಅನ್ನುತ್ತಾರೆ. ಒಪ್ಪಬೇಡಿ. ಹೊಸದು ಹಿಂದೆ ಇರಲಿ, ಫ್ರಂಟ್ ವೀಲ್ ಡ್ರೈವ್ ಆದರೂ. ಮಳೆಯಲ್ಲಿ ಮೂಗು ಜಾರಿದರೆ ಸುಧಾರಿಸಬಹುದು, ಬಾಲ ಜಾರಿದರೆ ಕಷ್ಟ.

ಮೂರನೇ ಬಾರಿ ಲೇಔಟಿಗೆ ಹೋದಾಗ ಟೇಪು 16 ಮೀಟರ್ ತೋರಿಸಿತು. ಮೂರು ಮೀಟರ್ ಕಡಿಮೆ. ಇದರ ಇನ್ನೊಂದು ಲೆಕ್ಕ ನನ್ನನ್ನು ಬೆಚ್ಚಿಬೀಳಿಸಿತು. ಹೊಸ ಟೈರಿನ ಕಾರು ಪೂರ್ತಿ ನಿಂತಿರುವ ಜಾಗವನ್ನು ಹಳೆ ಟೈರಿನ ಕಾರು ಇನ್ನೂ ಗಂಟೆಗೆ 24 ಕಿ.ಮೀ. ವೇಗದಲ್ಲಿ ದಾಟುತ್ತಿರುತ್ತದೆ. ಅಲ್ಲಿ ಒಂದು ಮಗು ನಿಂತಿದ್ದರೆ?

ತಿರುವಿನಲ್ಲಿಯೂ ಕಾರು ಬೇರೆಯದೇ ಆಯಿತು. ಸಸ್ಪೆನ್ಶನ್ ತಗ್ಗಿಸುವ ಸ್ಪ್ರಿಂಗ್ ಹಾಕಿಸೋಣವೇ ಎಂದು ಅಣ್ಣ ಕೇಳಿದ. ನಮ್ಮ ಸೀನಿಯರ್ ಒಬ್ಬರು ಹಾಕಿಸಿ ಈಗ ಹಂಪ್‌ಗಳನ್ನು ಓರೆಯಾಗಿ ಏರಿಸುತ್ತಾರೆ. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ ಇರುವ ಕಾರನ್ನು ಬರೀ ತಗ್ಗಿಸಿದರೆ ಗುರುತ್ವ ಕೇಂದ್ರಕ್ಕಿಂತ ರೋಲ್ ಸೆಂಟರ್ ಹೆಚ್ಚು ಕೆಳಗಿಳಿಯಬಹುದು, ಆಗ ವಾಲಿಸುವ ಸನ್ನೆಯೇ ಉದ್ದವಾಗುತ್ತದೆ. ಹಿಂದಿನ ಆ್ಯಂಟಿ ರೋಲ್ ಬಾರ್ ಬಿಗಿ ಮಾಡುವುದು ಇದಕ್ಕಿಂತ ಜಾಣ ದಾರಿ. ಮೊದಲ ಪೀಳಿಗೆಯ ಗಾಲ್ಫ್ ಜಿಟಿಐ ತಿರುವಿನಲ್ಲಿ ಒಳಗಿನ ಹಿಂಚಕ್ರ ಎತ್ತಿಕೊಂಡು ಓಡುವ ಚಿತ್ರ ನೋಡಿರಬಹುದು. ಬಿಗಿಯಾದ ಹಿಂಭಾಗ ಹೆಚ್ಚು ಹೊರೆ ಹೊತ್ತು, ಮುಂದಿನ ಎರಡು ಟೈರುಗಳಿಗೆ ಭಾರ ಸಮನಾಗಿ ಹಂಚಿಕೆಯಾಗುವಂತೆ ಮಾಡುತ್ತದೆ. ಆದರೆ ಅದು ಒಣ ಟ್ರ್ಯಾಕಿಗೆ. ವರ್ಷದಲ್ಲಿ ನಾಲ್ಕು ತಿಂಗಳು ಪಾಚಿ ಕಟ್ಟುವ ಮಲೆನಾಡಿನ ರಸ್ತೆಗೆ ಮೊದಲೇ ಸೂಚನೆ ಕೊಟ್ಟು ಜಾರುವ ಮೂಗೇ ವಾಸಿ ಎಂದು ಬಿಟ್ಟೆವು. ತೂತಿನ ಡಿಸ್ಕ್ ಮಾತು ತಾನಾಗಿಯೇ ಸತ್ತಿತು.

ರೀಮ್ಯಾಪ್ ಮಾತ್ರ ಇನ್ನೂ ಬದುಕಿದೆ. ನಾನು ಅಣ್ಣನಿಗೆ 1961ರ ಮಿನಿ ಕೂಪರ್ ಕಥೆ ಹೇಳಿದೆ. 34 ಅಶ್ವಶಕ್ತಿಯ ಮಿನಿಯನ್ನು 55ಕ್ಕೆ ಏರಿಸಿದಾಗ, ಅದರ ಹಿಂದಿದ್ದ ಜಾನ್ ಕೂಪರ್ ಅವರ ಕಾರಿನಲ್ಲಿ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಕೂಡ ಜೊತೆಗೇ ಬಂತು. ಆಮೇಲೆ ಆ ಪುಟ್ಟ ಫ್ರಂಟ್ ವೀಲ್ ಡ್ರೈವ್ ಕಾರು ಮಾಂಟೆ ಕಾರ್ಲೊ ರ‍್ಯಾಲಿಯನ್ನು 1964, 1965, 1967ರಲ್ಲಿ ಗೆದ್ದಿತು. 'ಹಾಗಾದ್ರೆ ನನ್ನ ಬ್ರೇಕ್ ಆಯ್ತಲ್ಲ, ಈಗ ಮಾಡಿಸ್ಬೋದು' ಅನ್ನುತ್ತಾನೆ. ವಿಮೆ ಕಂಪನಿಗೆ ತಿಳಿಸದೆ ಎಂಜಿನ್ ಬದಲಿಸಿದರೆ ಕ್ಲೇಮ್ ಸಮಯದಲ್ಲಿ ತೊಂದರೆ ಎಂದು ಅಪ್ಪ ಹೇಳಿದ್ದಕ್ಕೆ ಸದ್ಯ ಸುಮ್ಮನಿದ್ದಾನೆ. 40 ಸಾವಿರದಲ್ಲಿ ಈಗ ಉಳಿದಿರುವುದೂ ಹೆಚ್ಚೇನಿಲ್ಲ.

ಸಂಕ್ರಾಂತಿಗೆ ಮತ್ತೆ ಉಡುಪಿಗೆ ಹೊರಟೆವು. ಮೊದಲ ತಿರುವಿಗೆ ಮುಂಚೆಯೇ ಅಣ್ಣ ಗೇರನ್ನು ಎರಡಕ್ಕೆ ಎಳೆದ. ಎಂಜಿನ್ ಗುರ್ರೆನ್ನುತ್ತಾ ಕಾರನ್ನು ಹಿಡಿದುಕೊಂಡಿತು. ಅವನು ಬ್ರೇಕ್ ಮುಟ್ಟುತ್ತಿದ್ದುದು ತಿರುವು ಬಂದಾಗ ಮಾತ್ರ, ಗಟ್ಟಿಯಾಗಿ ಒತ್ತಿ ಪೂರ್ತಿ ಬಿಟ್ಟುಬಿಡುತ್ತಿದ್ದ. ಒಂಬತ್ತನೇ ತಿರುವಿನಲ್ಲಿ ಇಬ್ಬರೂ ಮಾತಾಡಲಿಲ್ಲ. ಸೋಮೇಶ್ವರದಲ್ಲಿ ಇಳಿದು ನಾನು ಚಕ್ರದ ಹತ್ತಿರ ಮೂಗು ಹಿಡಿದು ನೋಡಿದೆ. ವಾಸನೆ ಇರಲಿಲ್ಲ.

ಅಮ್ಮನಿಗೆ ಮಾತ್ರ ಬೇಸರ. 'ಹೋದ್ಸಲ ನಿಲ್ಸಿದ್ಯಲ್ಲ, ಆ ಜಾಗದಲ್ಲಿ ಈ ಸಲ ಯಾಕೋ ನಿಲ್ಸಲಿಲ್ಲ?'