ಚಾರ್‌ಮಿನಾರ್ ಪರಿಸರದಲ್ಲಿ ಒಂದು ಕಾಲ್ನಡಿಗೆ

ಹೈದರಾಬಾದಿನ ಚಾರ್‌ಮಿನಾರನ್ನು ನೋಡಿದವರು ಅನೇಕರು. ಅದರ ಸುತ್ತಲಿನ ಪೇಟೆಯನ್ನು ಅರಿತವರು ಕಡಿಮೆ. ಮಹಮ್ಮದ್ ಕುಲಿ ಕುತುಬ್ ಷಾ 1591ರಲ್ಲಿ ಮೂಸಿ ನದಿಯ ದಕ್ಷಿಣಕ್ಕೆ ಹೊಸ ನಗರವನ್ನು ಸ್ಥಾಪಿಸಿದಾಗ ಈ ಸ್ಮಾರಕವೇ ಅದರ ಕೇಂದ್ರವಾಯಿತು. ಇಲ್ಲಿಂದ ನಾಲ್ಕು ದಿಕ್ಕಿಗೂ ಬೀದಿಗಳು ಸಾಗಿದವು. ಮೋಟಾರು ವಾಹನಗಳಿಲ್ಲದ ಕಾಲದಲ್ಲಿ ರೂಪುಗೊಂಡ ಈ ಪೇಟೆಯನ್ನು ನಡೆದೇ ನೋಡುವುದು ಉಚಿತ.

ನದಿಯ ಮೇಲಿನ ನಯಾಪುಲ್ ಸೇತುವೆಯಿಂದ ಚಾರ್‌ಮಿನಾರಿಗೆ ಸುಮಾರು ಒಂದು ಕಿಲೋಮೀಟರ್ ದೂರ. ದಾರಿಯಲ್ಲಿ ಮೊದಲು ಕಾಣುವುದು ಪತ್ತರ್‌ಗಟ್ಟಿಯ ಕಲ್ಲಿನ ಕಮಾನುಸಾಲು. 1908ರ ಮೂಸಿ ಪ್ರವಾಹದ ತರುವಾಯ, 1912ರಲ್ಲಿ ರಚಿತವಾದ ನಗರ ಸುಧಾರಣಾ ಮಂಡಳಿಯು ಇದನ್ನು ನಿರ್ಮಿಸಿತು. ಮುಂದೆ ನಾಲ್ಕು ಕಮಾನುಗಳ ನಡುವೆ ಗುಲ್ಜಾರ್ ಹೌಜ್ ಎಂಬ ಕಾರಂಜಿ. ಆ ಬಳಿಕ ಚಾರ್‌ಮಿನಾರ್. ಅದರ ನೈರುತ್ಯಕ್ಕಿರುವ ಮೆಕ್ಕಾ ಮಸೀದಿಯ ಕೆಲಸ ಕುತುಬ್ ಷಾಹಿಗಳ ಕಾಲದಲ್ಲಿ ಆರಂಭವಾಗಿ, ಔರಂಗಜೇಬನ ಆಳ್ವಿಕೆಯಲ್ಲಿ, 1694ರಲ್ಲಿ ಮುಗಿಯಿತು. ಪ್ರಾರ್ಥನೆಯ ವೇಳೆಯನ್ನು ಬಿಟ್ಟು, ಮರ್ಯಾದೆಯ ಉಡುಪಿನಲ್ಲಿ ಇಲ್ಲಿಗೆ ಹೋಗಬೇಕು.

ಪಶ್ಚಿಮದ ಲಾಡ್ ಬಜಾರ್ ಬಳೆಗಳ ಬೀದಿ. ಅರಗನ್ನು ಬೆಂಕಿಯಲ್ಲಿ ಮೆದುಗೊಳಿಸಿ ಬಳೆಯಾಗಿಸುತ್ತಾರೆ. ಬಳಿಕ ಹರಳುಗಳನ್ನು ಒಂದೊಂದಾಗಿ ಕೂರಿಸುತ್ತಾರೆ. ಹೈದರಾಬಾದಿನ ಅರಗಿನ ಬಳೆಗೆ 2024ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಕೈಯಿಂದ ಮಾಡಿದ ಬಳೆಯನ್ನೇ ಕೇಳಿ ಕೊಂಡರೆ ಕುಶಲಕರ್ಮಿಯ ಜೀವನೋಪಾಯಕ್ಕೆ ನೆರವಾಗುತ್ತದೆ.

ದಣಿದವರಿಗೆ ಇರಾನಿ ಚಹಾ ಮತ್ತು ಉಸ್ಮಾನಿಯಾ ಬಿಸ್ಕತ್ತು ಸಿದ್ಧವಾಗಿರುತ್ತವೆ. ರಂಜಾನ್ ಮಾಸದಲ್ಲಿ ಗೋಧಿ ಮತ್ತು ಮಾಂಸವನ್ನು ಗಂಟೆಗಟ್ಟಲೆ ಬೇಯಿಸಿ ಕಡೆದ ಹಲೀಮ್ ದೊರೆಯುತ್ತದೆ. ಶಾಕಾಹಾರಿಗಳು ಬಘಾರಾ ಬೈಂಗನ್ ಸವಿಯಬಹುದು. ಅದರಲ್ಲಿನ ಶೇಂಗಾ, ಎಳ್ಳು, ಹುಣಸೆಹಣ್ಣುಗಳ ಹದವು ಉತ್ತರ ಕರ್ನಾಟಕದ ಎಣ್ಣೆಗಾಯಿಯನ್ನು ನೆನಪಿಸುತ್ತದೆ. ಬೀದರ್, ಕಲಬುರಗಿ, ರಾಯಚೂರುಗಳು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿಯೇ ಇದ್ದವು. ಆದ್ದರಿಂದ ಇಲ್ಲಿನ ರುಚಿ ಕನ್ನಡಿಗರಿಗೆ ತೀರ ಅಪರಿಚಿತವಲ್ಲ.

2019ರ ಮೇ ತಿಂಗಳಿನಲ್ಲಿ ಚಾರ್‌ಮಿನಾರಿನ ಒಂದು ಮಿನಾರಿನಿಂದ ಗಾರೆಯ ಅಲಂಕರಣದ ತುಂಡೊಂದು ಕಳಚಿ ಬಿದ್ದಿತು. ಮಳೆಯ ತೇವ, ವಾಹನಗಳ ಹೊಗೆ ಮತ್ತು ಕಂಪನ ಸುಣ್ಣದ ಗಾರೆಗೆ ಹಾನಿಕರ. ಸ್ಮಾರಕವನ್ನು ಕಾಪಾಡುವ ಹೊಣೆ ಪುರಾತತ್ತ್ವ ಇಲಾಖೆಯದೊಂದೇ ಅಲ್ಲ. ವಾಹನವನ್ನು ದೂರದಲ್ಲಿಯೇ ಬಿಟ್ಟು ನಡೆದು ಬರುವುದು, ಗೋಡೆಯ ಮೇಲೆ ಹೆಸರು ಕೆತ್ತದಿರುವುದು, ಕಸವನ್ನು ಎಸೆಯದಿರುವುದು, ಇವು ಪ್ರತಿಯೊಬ್ಬ ಸಂದರ್ಶಕನೂ ಸಲ್ಲಿಸಬಹುದಾದ ಸೇವೆ.