ಮರ ಹತ್ತುವವರ ಮಾತ್ರೆ, ಮಂಡಿಯವರ ಮಾತ್ರೆ

“ಅವನಿಗೂ 250, ನನಗೂ 250. ಅವನ ಮಾತ್ರೆಯೇ ನನಗೂ ಆಗುತ್ತೆ” ಎಂದು ಪಕ್ಕದ ಮನೆಯವರ ಚೀಟಿ ಹಿಡಿದು ಮೆಡಿಕಲ್ ಸ್ಟೋರಿಗೆ ಹೋಗುವವರು ಎಲ್ಲ ಊರಲ್ಲೂ ಇದ್ದಾರೆ, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಇದಕ್ಕೆ ಹೊರತಲ್ಲ. ಶುಗರ್ ಅಂಕಿ ನೋಡಿ ಡಾಕ್ಟರು ಮಾತ್ರೆ ಬರೆಯುತ್ತಾರೆ ಎಂಬುದು ಅರ್ಧ ಸತ್ಯ. ಕಿಡ್ನಿ, ಹೃದಯ, ತೂಕ, ವಯಸ್ಸು, ಜೇಬು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಕಸುಬು ಕೂಡ.

ತೆಂಗಿನ ಸೀಮೆಯಲ್ಲಂತೂ ಕಸುಬಿನ ಮಾತನ್ನು ಹಗುರ ಮಾಡುವಂತಿಲ್ಲ. ಗ್ಲಿಮೆಪಿರೈಡ್ ಅಗ್ಗದ ಮಾತ್ರೆ, ಕೆಲಸವನ್ನೂ ಚೆನ್ನಾಗಿ ಮಾಡುತ್ತದೆ. ಆದರೆ ಮೇದೋಜೀರಕದಿಂದ ಇನ್ಸುಲಿನ್ ಹೊರಡಿಸುವಾಗ ನೀವು ಉಂಡಿದ್ದೀರೋ ಇಲ್ಲವೋ ಎಂದು ಅದು ಕೇಳುವುದಿಲ್ಲ. ಮಾತ್ರೆ ನುಂಗಿ, ತಿಂಡಿ ತಪ್ಪಿಸಿ ಕಾಯಿ ಕೀಳಲು ಹೊರಟವರ ಶುಗರ್ 70ಕ್ಕಿಂತ ಕೆಳಗಿಳಿದರೆ ಕೈ ನಡುಗುತ್ತದೆ, ಬೆವರು ಕಿತ್ತುಕೊಳ್ಳುತ್ತದೆ, ಕಣ್ಣು ಮಂಜಾಗುತ್ತದೆ. ನೆಲದ ಮೇಲಿದ್ದರೆ ಸಕ್ಕರೆ ನೀರು ಕುಡಿದು ಕೂತರೆ ಸರಿಹೋದೀತು. ತಿಪಟೂರು ಟಾಲ್ ಮರದ ಸುಳಿಯ ಹತ್ತಿರವಿದ್ದರೆ? ಇಂಥವರಿಗೆ ಮೆಟ್‌ಫಾರ್ಮಿನ್, ಸಿಟಾಗ್ಲಿಪ್ಟಿನ್ ಲೇಸು. ಇವಷ್ಟೇ ತೆಗೆದುಕೊಂಡರೆ ಲೋ ಶುಗರ್ ಆಗುವುದು ಅಪರೂಪ. ಸಿಟಾಗ್ಲಿಪ್ಟಿನ್ ಪೇಟೆಂಟ್ 2022ರಲ್ಲಿ ಮುಗಿದ ಮೇಲೆ ಬೆಲೆಯೂ ಇಳಿದಿದೆ. ತೊಂದರೆಯೆಂದರೆ, ಮರ ಹತ್ತುತ್ತೇನೆ ಎಂದು ರೋಗಿ ಹೇಳುವುದಿಲ್ಲ, ಗದ್ದಲದ ಓಪಿಡಿಯಲ್ಲಿ ಡಾಕ್ಟರೂ ಕೇಳುವುದಿಲ್ಲ.

ಅದೇ 250 ಇರುವ ಕೊಬ್ಬರಿ ಮಂಡಿಯ ಸಾಹುಕಾರರಿಗೆ ಹಿಂದೊಮ್ಮೆ ಹಾರ್ಟ್ ಅಟ್ಯಾಕ್ ಆಗಿದೆ ಎನ್ನಿ. ಅವರಿಗೆ ಎಂಪಾಗ್ಲಿಫ್ಲೋಜಿನ್, ಡಪಾಗ್ಲಿಫ್ಲೋಜಿನ್ ಥರದ್ದು ನೆನಪಾಗಬೇಕು. ಇವು ಸಕ್ಕರೆಯನ್ನು ಮೂತ್ರದಲ್ಲಿ ಕಳಿಸುತ್ತವೆ, ಜೊತೆಗೆ ಹೃದಯ, ಕಿಡ್ನಿಯನ್ನೂ ಕಾಯುತ್ತವೆ. ಎಂಪಾಗ್ಲಿಫ್ಲೋಜಿನ್‌ನ ಹೃದಯದ ಲಾಭ 2015ರ ದೊಡ್ಡ ಪರೀಕ್ಷೆಯಲ್ಲಿ ಕಂಡಿತು. ಆದರೆ ಗುಪ್ತಾಂಗದಲ್ಲಿ ತುರಿಕೆ ಬರಬಹುದು. ವಾಂತಿಭೇದಿಯಾದಾಗ, ಇಡೀ ದಿನ ಉಪವಾಸವಿರುವಾಗ ಇವನ್ನು ನಿಲ್ಲಿಸಬೇಕೇ ಎಂದು ಮೊದಲೇ ಕೇಳಿಟ್ಟುಕೊಳ್ಳಬೇಕು. ಶಿವರಾತ್ರಿಯ ದಿನ ನೆನಪಾದರೆ ತಡವಾಯಿತು.

“ಮೆಟ್‌ಫಾರ್ಮಿನ್ ಕಿಡ್ನಿ ಕೆಡಿಸುತ್ತೆ” ಎಂಬುದು ತಲೆಕೆಳಗಾದ ಮಾತು. ಕಿಡ್ನಿ ಕೆಡಿಸುವುದು ಹತೋಟಿ ತಪ್ಪಿದ ಶುಗರ್ ಮತ್ತು ಬಿಪಿ. ಕೆಟ್ಟ ಕಿಡ್ನಿಗೆ ಮೆಟ್‌ಫಾರ್ಮಿನ್ ಹೊರಹಾಕಲು ಆಗದೆ ಅದು ಮೈಯಲ್ಲೇ ಉಳಿಯುತ್ತದೆ. ಅದಕ್ಕೇ ಕಿಡ್ನಿ ಎಷ್ಟು ಸೋಸುತ್ತದೆ ಎಂದು ತೋರಿಸುವ ಇಜಿಎಫ್‌ಆರ್ ಅಂಕಿ 45ಕ್ಕಿಂತ ಇಳಿದರೆ ಸಾಮಾನ್ಯವಾಗಿ ಡೋಸ್ ಕಡಿಮೆ, 30ಕ್ಕಿಂತ ಇಳಿದರೆ ಬಂದ್. ಡಾಕ್ಟರು ನಿಲ್ಲಿಸಿದ್ದನ್ನು ನೋಡಿದ ಊರು ಕಾರಣವನ್ನು ತಿರುಗಿಸಿಕೊಂಡಿತು. ವರ್ಷಗಟ್ಟಲೆ ನುಂಗಿದರೆ ಬಿ12 ಇಳಿಯಬಹುದೆನ್ನುವುದು ಮಾತ್ರ ನಿಜ. ಪಾದ ಜೋಮು ಹಿಡಿದರೆ ಆ ರಕ್ತಪರೀಕ್ಷೆಯನ್ನೂ ಕೇಳಿ.

“ಇನ್ಸುಲಿನ್ ಬಂತು ಅಂದ್ರೆ ಕಥೆ ಮುಗೀತು” ಎನ್ನುವವರಿಗೆ ಉತ್ತರ ಚಿಕ್ಕದು. ಟೈಪ್ 1 ಮಕ್ಕಳಿಗೆ ಅದು ಮೊದಲ ದಿನದಿಂದಲೇ ಬೇಕು. ಶುಗರ್ ವಿಪರೀತ ಏರಿ ತೂಕ ಇಳಿದಿದ್ದರೆ ಟೈಪ್ 2ರವರಿಗೂ ಮೊದಲೇ ಕೊಟ್ಟು, ಹತೋಟಿಗೆ ಬಂದ ಮೇಲೆ ಹಲವರಿಗೆ ನಿಲ್ಲಿಸುವುದುಂಟು.

ಇನ್ನು ನಮ್ಮ ಎಳನೀರು. ಅದರಲ್ಲಿ ಸಕ್ಕರೆಯುಂಟು, ಆದರೆ ಕೂಲ್‌ಡ್ರಿಂಕ್‌ನಷ್ಟಲ್ಲ. ಹೆದರಬೇಕಾದ್ದು ಪೊಟ್ಯಾಸಿಯಂಗೆ. ಕಿಡ್ನಿ ಸೋತವರು ಟೆಲ್ಮಿಸಾರ್ಟನ್‌ನಂಥ ಬಿಪಿ ಮಾತ್ರೆಯ ಜೊತೆ ದಿನಾ ಎರಡು ಮೂರು ಎಳನೀರು ಕುಡಿದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತವೇ ತಪ್ಪಬಹುದು. ತೋಟದಲ್ಲಿ ಎಷ್ಟು ಕುಡಿಯುತ್ತೀರಿ ಎಂಬುದನ್ನೂ ಡಾಕ್ಟರಿಗೆ ಹೇಳಿ.